ಪೋರ್ಟ್ಸ್‌ಮತ್ ಬಿಟ್ಟು ಮೈಸೂರಿಗೆ ಬಂದೆ, ಈಗ ಶನಿವಾರದ ಮ್ಯಾಚ್ ನೋಡುವುದು ಹೇಗೆ?

ಫ್ರ್ಯಾಟನ್_ಹುಡುಗಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಬೇಡಿ.

2023ರ ಸೆಪ್ಟೆಂಬರ್‌ನಲ್ಲಿ ಎಂಎಸ್‌ಸಿ ಓದೋಕೆ ಪೋರ್ಟ್ಸ್‌ಮತ್‌ಗೆ ಹೋದೆ. ಆಗ ನನಗೆ ಫುಟ್‌ಬಾಲ್‌ನಲ್ಲಿ ಆಫ್‌ಸೈಡ್ ಅಂದರೆ ಏನು ಅಂತಲೂ ಗೊತ್ತಿರಲಿಲ್ಲ, ನಮ್ಮ ಮನೆಯಲ್ಲಿ ಟಿವಿ ಹಾಕಿದರೆ ಕ್ರಿಕೆಟ್ ಇಲ್ಲಾ ಧಾರಾವಾಹಿ. ಬಾಡಿಗೆ ಕಡಿಮೆ ಅಂತ ಫ್ರ್ಯಾಟನ್ ರೈಲ್ವೆ ಸ್ಟೇಷನ್ ಹತ್ತಿರ ಒಂದು ರೂಮ್ ಹಿಡಿದೆ. ಅಲ್ಲಿಂದ ಪೋರ್ಟ್ಸ್‌ಮತ್ ತಂಡದ ಫ್ರ್ಯಾಟನ್ ಪಾರ್ಕ್ ಮೈದಾನ ನಡೆದು ಹೋಗುವಷ್ಟು ಹತ್ತಿರ. ಒಂದು ಶನಿವಾರ ಮಧ್ಯಾಹ್ನ ಕುಕ್ಕರ್ ಇಟ್ಟು ಕೂತಿದ್ದೆ, ಇದ್ದಕ್ಕಿದ್ದ ಹಾಗೆ ಊರಿಗೆ ಊರೇ ಕೂಗಿದಂತೆ ಸದ್ದು. ಏನೋ ಅನಾಹುತ ಆಯಿತು ಅಂತ ಕೆಳಗೆ ಓಡಿದರೆ ಮನೆ ಓನರ್ ಅಜ್ಜ ಆರಾಮಾಗಿ ಟೀ ಕುಡಿಯುತ್ತಾ "ಗೋಲು" ಅಂದರು. ಅಷ್ಟೇ. ಅವತ್ತಿಂದ ಹಿಡಿದ ಹುಚ್ಚು ಇದು.

ಆ ಸೀಸನ್ ತಂಡ ಲೀಗ್ ಒನ್ (ಅಂದರೆ ಮೂರನೇ ಡಿವಿಜನ್) ಗೆದ್ದು ಎರಡನೇ ಡಿವಿಜನ್ ಆದ ಚಾಂಪಿಯನ್‌ಶಿಪ್‌ಗೆ ಹತ್ತಿತು. 2024ರ ಏಪ್ರಿಲ್ 16, ಮಂಗಳವಾರ ರಾತ್ರಿ, ಬಾರ್ನ್‌ಸ್ಲಿ ವಿರುದ್ಧ 3-2. ಗೆಲುವಿನ ಗೋಲು 89ನೇ ನಿಮಿಷದಲ್ಲಿ, ಡಿಫೆಂಡರ್ ಕಾನರ್ ಶಾಘ್ನೆಸಿ ತಲೆಯಲ್ಲಿ ಹೊಡೆದದ್ದು. ನನಗೆ ಟಿಕೆಟ್ ಸಿಕ್ಕಿರಲಿಲ್ಲ. ರಸ್ತೆಯಲ್ಲೇ ನಿಂತು ಸದ್ದು ಕೇಳಿಸಿಕೊಂಡೆ. ಆಮೇಲೆ ಕೆಲಸ ಸಿಕ್ಕ ಮೇಲೆ ಆದಷ್ಟು ಮ್ಯಾಚ್‌ಗಳಿಗೆ ಹೋದೆ.

ಈಗ ವೀಸಾ ಮುಗಿದು ವಾಪಸ್ ಮೈಸೂರು. ಹೊರದೇಶದಲ್ಲಿ ಇರುವ ಅಭಿಮಾನಿಗಳಿಗೆ ಕ್ಲಬ್‌ಗಳು ತಾವೇ ಲೈವ್ ಸ್ಟ್ರೀಮ್ ಮಾರುತ್ತವೆ ಅಂತ ಗೊತ್ತು. ಆದರೆ ಇಡೀ ಸೀಸನ್ ಪಾಸ್ ತಗೊಳ್ಳಬೇಕಾ, ಬೇಕಾದ ಮ್ಯಾಚ್ ಮಾತ್ರ ತಗೊಳ್ಳಬೇಕಾ ತಿಳಿಯುತ್ತಿಲ್ಲ. ಕೆಲವು ಮ್ಯಾಚ್ ಪಾಸ್ ಇದ್ದರೂ ಬರುವುದಿಲ್ಲ ಅಂತ ಒಬ್ಬರು ಹೆದರಿಸಿದರು, ಅದು ಹೌದಾ? ಇದರ ಮಧ್ಯೆ ನನ್ನ ಡೆಬಿಟ್ ಕಾರ್ಡ್ ಪೇಮೆಂಟ್ ಮೂರು ಸಲ ಫೇಲ್ ಆಯಿತು, ಬ್ಯಾಂಕ್‌ಗೆ ಫೋನ್ ಮಾಡಿದರೆ "ನಮ್ಮ ಕಡೆ ಏನೂ ತೊಂದರೆ ಇಲ್ಲ ಮೇಡಂ, ಅವರ ಕಡೆ ಕೇಳಿ" ಅಂದರು. ಯಾರಾದರೂ ನಿಜವಾಗಿ ಬಳಸಿದವರು ಹೇಳಿ.

ಶಾರ್ಜಾ_ಕುಂದಾಪುರ

ಮೇಡಂ, ಮೊದಲು ಕಾರ್ಡ್ ವಿಷಯ, ಅದು ಸುಲಭ. 2020ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮ ಏನೆಂದರೆ, ಹೊಸದಾಗಿ ಕೊಡುವ ಕಾರ್ಡ್‌ಗಳಲ್ಲಿ ಹೊರದೇಶದ ವಹಿವಾಟು ಮೊದಲಿಗೆ ಆಫ್ ಆಗಿಯೇ ಇರುತ್ತದೆ. ನಾವೇ ಆನ್ ಮಾಡಬೇಕು. ನೀವು ಬಂದ ಮೇಲೆ ಹೊಸ ಕಾರ್ಡ್ ತಗೊಂಡಿರುತ್ತೀರಿ, ಅಲ್ವಾ? ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡ್ ಕಂಟ್ರೋಲ್ ಅಂತ ಇರುತ್ತದೆ, ಅಲ್ಲಿ ಇಂಟರ್‌ನ್ಯಾಷನಲ್, ಆನ್‌ಲೈನ್ ಎರಡನ್ನೂ ಆನ್ ಮಾಡಿ, ಲಿಮಿಟ್ ಸೊನ್ನೆ ಇದ್ದರೆ ಏರಿಸಿ. ಫೋನ್ ಎತ್ತುವ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ, ನನ್ನ ತಮ್ಮನಿಗೂ ಊರಲ್ಲಿ ಇದೇ ಗೋಳು.

ಇನ್ನೊಂದು, ತಿಂಗಳು ತಿಂಗಳು ತಾನಾಗಿ ಕಡಿತ ಆಗುವ ಪ್ಲಾನ್ ತಗೊಳ್ಳಬೇಡಿ. 2021ರ ಅಕ್ಟೋಬರ್‌ನಿಂದ ಆಟೋ ಡೆಬಿಟ್‌ಗೆ ಬೇರೆ ನಿಯಮ ಬಂದಿದೆ, ಹೊರದೇಶದ ಸೈಟ್‌ಗಳಲ್ಲಿ ಮೊದಲ ತಿಂಗಳು ಹೋಗಿ ಎರಡನೇ ತಿಂಗಳು ನಿಂತುಬಿಡುವುದು ಜಾಸ್ತಿ. ಒಂದೇ ಸಲ ಕಟ್ಟುವ ಪಾಸ್ ವಾಸಿ. ಪೌಂಡ್ ಲೆಕ್ಕದ ಮೇಲೆ ಬ್ಯಾಂಕ್ ಇನ್ನೊಂದು ಮೂರು ಪರ್ಸೆಂಟ್ ಹತ್ತಿರ ಹಾಕುತ್ತದೆ, ಅದರ ಮೇಲೆ ಜಿಎಸ್‌ಟಿ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪಾಸ್ ವಿಷಯ. ನಾನು ಲೀಗ್ ಟೂ, ಅಂದರೆ ನಾಲ್ಕನೇ ಡಿವಿಜನ್ ಕ್ಲಬ್ ಒಂದರ ಹಿಂದೆ ಎಂಟು ವರ್ಷದಿಂದ ಬಿದ್ದಿದ್ದೇನೆ, ಹೆಸರು ಹೇಳಿದರೆ ನಗುತ್ತೀರಿ, ಬೇಡ. ಇಂಗ್ಲಿಷ್ ಫುಟ್‌ಬಾಲ್ ಲೀಗ್‌ನ ಮೂರು ಡಿವಿಜನ್ (ಪ್ರೀಮಿಯರ್ ಲೀಗ್ ಕೆಳಗಿನವು) ಸೇರಿ 72 ಕ್ಲಬ್. ಇವರಿಗೆ ಹೊರದೇಶದ ಅಭಿಮಾನಿಗಳಿಗೆ ಲೈವ್ ತೋರಿಸುವ ಅವಕಾಶ ಬಂದದ್ದು 2017-18ರ ಸೀಸನ್‌ನಿಂದ, ಐಫಾಲೋ ಅಂತ ಶುರುವಾಯಿತು. ಕೆಲವು ಕ್ಲಬ್‌ಗಳು ಅದರಲ್ಲಿ ಸೇರದೆ ತಮ್ಮದೇ ಸೇವೆ ಮಾಡಿಕೊಂಡವು. ಅದಕ್ಕೆ ಮೊದಲು ನಾನು ಬರೀ ರೇಡಿಯೋ ಕಾಮೆಂಟ್ರಿ ಕೇಳುತ್ತಿದ್ದೆ. ಅದನ್ನು ಕೇಳುವಾಗ ಚೆಂಡು ಎಲ್ಲಿದೆ ಅಂತ ತಿಳಿಯುವುದೇ ಒಂದು ಸಾಹಸ.

ಒಂದು ಸೀಸನ್‌ಗೆ ಲೀಗ್ ಮ್ಯಾಚ್ 46. ಆ 46ರಲ್ಲಿ ನೀವು ನಿಜವಾಗಿ ಎಷ್ಟು ನೋಡುತ್ತೀರಿ ಅನ್ನುವುದೇ ಪ್ರಶ್ನೆ. ಅಲ್ಲಿ ಶನಿವಾರ ಮಧ್ಯಾಹ್ನ 3 ಅಂದರೆ ನಿಮಗೆ ಈಗ ಚಳಿಗಾಲದಲ್ಲಿ ರಾತ್ರಿ 8:30. ಮಾರ್ಚ್ ಕೊನೇ ಭಾನುವಾರ ಅವರು ಗಡಿಯಾರ ಮುಂದಿಟ್ಟ ಮೇಲೆ 7:30. ಊಟದ ಹೊತ್ತು, ಚೆನ್ನಾಗಿದೆ. ಆದರೆ ಮಂಗಳವಾರದ ಮ್ಯಾಚ್ ಅಲ್ಲಿ 7:45ಕ್ಕೆ ಶುರು, ನಿಮಗೆ ಮಧ್ಯರಾತ್ರಿ 1:15. ಮುಗಿಯುವಾಗ ಮೂರು ದಾಟಿರುತ್ತದೆ, ಹಾಲಿನವನು ಬರುವ ಹೊತ್ತಿಗೆ ನಿಮ್ಮ ಕಣ್ಣು ಮುಚ್ಚುತ್ತದೆ. ಹಾಗಾಗಿ ಭಾರತದಲ್ಲಿ ಇರುವವರಿಗೆ ನನ್ನ ಸಲಹೆ, ಈ ಸೀಸನ್ ಉಳಿದದ್ದಕ್ಕೆ ಬಿಡಿ ಮ್ಯಾಚ್ ತಗೊಳ್ಳಿ. ಆಗಸ್ಟ್‌ನಲ್ಲಿ ಹೊಸ ಸೀಸನ್ ಶುರುವಾಗುವಾಗ ಯೋಚಿಸಿ. ನನಗೆ ಶಾರ್ಜಾದಲ್ಲಿ ಶನಿವಾರದ್ದು ಸಂಜೆ 7, ಮಂಗಳವಾರದ್ದು ರಾತ್ರಿ 11:45, ಅದಕ್ಕೇ ಸೀಸನ್ ಪಾಸ್ ಗಿಟ್ಟುತ್ತದೆ.

ಟ್ರಾಮ್_ಹತ್ತಿದವ

ಮೆಲ್ಬರ್ನ್‌ನಿಂದ ಬರೆಯುತ್ತಿದ್ದೇನೆ. ನಿಮ್ಮ 1:15ರ ಗೋಳು ಕೇಳಿ ನಗು ಬಂತು. ನನಗೆ ಶನಿವಾರದ ಮ್ಯಾಚ್ ಭಾನುವಾರ ಬೆಳಗಿನ ಜಾವ 2 ಗಂಟೆಗೆ. ಇಲ್ಲಿ ಚಳಿಗಾಲ, ಅಲ್ಲಿ ಬೇಸಿಗೆ ಇದ್ದಾಗ ಮಧ್ಯರಾತ್ರಿ 12ಕ್ಕೆ. ಆದರೆ ಮಂಗಳವಾರದ್ದು ಬುಧವಾರ ಬೆಳಿಗ್ಗೆ 6:45ಕ್ಕೆ, ಟ್ರಾಮ್‌ನಲ್ಲಿ ಕೂತು ಅರ್ಧ, ಆಫೀಸ್‌ನಲ್ಲಿ ಕದ್ದು ಇನ್ನರ್ಧ. ಎಲ್ಲರೂ ಬೈಯುವ ಮಂಗಳವಾರವೇ ನನಗೆ ಹಬ್ಬ.

ಬಿಡಿ, ಹೇಳಬೇಕಾದ್ದು ಇದು. ಪಾಸ್ ಇದ್ದರೂ ಕೆಲವು ಮ್ಯಾಚ್ ಬರುವುದಿಲ್ಲ ಅನ್ನುವುದು ಸುಳ್ಳಲ್ಲ. ಕ್ಲಬ್ ಮಾರುತ್ತಿರುವುದು ಮಿಕ್ಕಿದ್ದನ್ನು. ಒಂದೊಂದು ದೇಶದಲ್ಲಿ ಒಂದೊಂದು ಚಾನೆಲ್ ಲೀಗ್‌ನಿಂದ ಹಕ್ಕು ಕೊಂಡಿರುತ್ತದೆ, ಆ ಚಾನೆಲ್ ಆರಿಸಿಕೊಂಡ ಮ್ಯಾಚ್ ಆ ದೇಶದಲ್ಲಿ ಕ್ಲಬ್ ಸ್ಟ್ರೀಮ್‌ನಲ್ಲಿ ಸಿಗದೆ ಇರಬಹುದು. ಅದಕ್ಕೆ ದುಡ್ಡು ಕಟ್ಟುವ ಮೊದಲು ಕ್ಲಬ್ ಪುಟದಲ್ಲಿ ಆ ಮ್ಯಾಚ್ ಭಾರತಕ್ಕೆ ಇದೆಯಾ ನೋಡಿ. ಎಫ್‌ಎ ಕಪ್, ಲೀಗ್ ಕಪ್ ಹಕ್ಕುಗಳೇ ಬೇರೆ. ಸೀಸನ್ ಕೊನೆಗೆ ಮೇಲಿನ ಡಿವಿಜನ್‌ಗೆ ಹತ್ತಲು ಆಡುವ ಪ್ಲೇ-ಆಫ್ ಕೂಡ ಸಾಮಾನ್ಯವಾಗಿ ಪಾಸ್‌ನಲ್ಲಿ ಸೇರಿರುವುದಿಲ್ಲ, ವರ್ಷವಿಡೀ 0-0 ನೋಡಿ ನೋಡಿ ಕೊನೆಗೆ ವೆಂಬ್ಲಿಯ ಫೈನಲ್ ದಿನ ಬೇರೆ ಕಡೆ ದುಡ್ಡು ಕಟ್ಟಬೇಕು. ಒಂದು ಸಲ ನನಗೆ ಹಾಗೇ ಆಯಿತು, ಕಿಕ್‌ಆಫ್‌ಗೆ ಐದು ನಿಮಿಷ ಇದ್ದಾಗ ಗೊತ್ತಾದದ್ದು, ಅವತ್ತು ಹೆಂಡತಿ ಎದ್ದು ಬಂದು ಫೋನ್ ಕಿತ್ತುಕೊಂಡು ಮಲಗಿಸಿದಳು.

ಲೆಸ್ಟರ್_ಗೌಡ

ನೀವೆಲ್ಲ ಪುಣ್ಯವಂತರು ಮಾರಾಯ್ರೇ. ನಾನು ಇಂಗ್ಲೆಂಡ್‌ನಲ್ಲೇ ಇದ್ದೇನೆ, ಮೈದಾನ ಎರಡು ಗಂಟೆ ದಾರಿ, ಶನಿವಾರ 3 ಗಂಟೆ ಮ್ಯಾಚ್ ನನಗೆ ಲೈವ್ ನೋಡಲು ಆಗುವುದಿಲ್ಲ. ಮೈಸೂರಿನಲ್ಲಿ ಕೂತವರು ನೋಡಬಹುದು, ಶಾರ್ಜಾದವರು ನೋಡಬಹುದು, ಲೆಸ್ಟರ್‌ನಲ್ಲಿ ಟ್ಯಾಕ್ಸ್ ಕಟ್ಟುವ ನಾನು ನೋಡುವ ಹಾಗಿಲ್ಲ!

ಕಾರಣ ಹಳೇ ಕಥೆ. 1960ರ ದಶಕದಲ್ಲಿ ಬರ್ನ್‌ಲಿ ಕ್ಲಬ್‌ಗೆ ಬಾಬ್ ಲಾರ್ಡ್ ಅಂತ ಚೇರ್ಮನ್ ಇದ್ದರು. ವೃತ್ತಿಯಲ್ಲಿ ಮಾಂಸದ ವ್ಯಾಪಾರಿ, ಭಾರೀ ಗಟ್ಟಿ ಆಸಾಮಿ. ಟಿವಿಯಲ್ಲಿ ದೊಡ್ಡ ತಂಡದ ಮ್ಯಾಚ್ ಬಂದರೆ ಸಣ್ಣ ಊರಿನ ಮೈದಾನಕ್ಕೆ ಯಾರು ಬರುತ್ತಾರೆ ಅಂತ ವಾದ ಮಾಡಿ ಉಳಿದ ಕ್ಲಬ್‌ಗಳನ್ನು ಒಪ್ಪಿಸಿದರು. ಇವತ್ತಿಗೂ ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಬ್ರಿಟನ್‌ನಲ್ಲಿ ಫುಟ್‌ಬಾಲ್ ನೇರಪ್ರಸಾರ ಇಲ್ಲ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ನಿಯಮದಲ್ಲೂ ಇದಕ್ಕೆ ಜಾಗ ಇದೆ, 48ನೇ ವಿಧಿ. ಇದು ದೇಶದ ಒಳಗೆ ಮಾತ್ರ ಲೆಕ್ಕ, ಮೈಸೂರಲ್ಲಿ ನೋಡಿದರೆ ಇಲ್ಲಿನ ಗೇಟ್ ಕಲೆಕ್ಷನ್ ಏನೂ ಕಡಿಮೆ ಆಗುವುದಿಲ್ಲವಲ್ಲ, ಅದಕ್ಕೇ ನಿಮಗೆ ಸ್ಟ್ರೀಮ್ ಮಾರುತ್ತಾರೆ.

ಕೋವಿಡ್ ಸಮಯದಲ್ಲಿ ಮೈದಾನಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ, ಆಗ ಈ ನಿಷೇಧ ತೆಗೆದಿದ್ದರು. 10 ಪೌಂಡ್ ಕೊಟ್ಟು ಶನಿವಾರದ ಮ್ಯಾಚ್ ಮನೆಯಲ್ಲೇ ನೋಡಿದ್ದೇವೆ. ಜನ ಬರಲು ಶುರುವಾದ ಮೇಲೆ ಬಾಗಿಲು ಮತ್ತೆ ಮುಚ್ಚಿತು. ವಾರದ ಮಧ್ಯದ ಮ್ಯಾಚಾದರೂ ಕ್ಲಬ್‌ನಿಂದ ಕೊಳ್ಳಬಹುದಿತ್ತು, 2024-25ರಿಂದ ಸ್ಕೈ ಟಿವಿ ಜೊತೆ ಐದು ವರ್ಷದ ಒಪ್ಪಂದ ಬಂತು, 935 ಮಿಲಿಯನ್ ಪೌಂಡ್, ಸೀಸನ್‌ಗೆ ಸಾವಿರಕ್ಕೂ ಜಾಸ್ತಿ ಮ್ಯಾಚ್. ಈಗ ಅದೆಲ್ಲ ಸ್ಕೈಗೆ. ಕ್ಲಬ್‌ಗಳಿಗೆ ದುಡ್ಡು ಬಂತು, ಇಲ್ಲ ಅನ್ನಲ್ಲ.

ಆದರೂ ಒಂದು ಮಾತು ಒಪ್ಪುತ್ತೇನೆ, ಆ ಮಾಂಸದಂಗಡಿ ಯಜಮಾನರು ಪೂರ್ತಿ ತಪ್ಪಲ್ಲ. ಇಲ್ಲಿ ನಾಲ್ಕನೇ ಡಿವಿಜನ್ ಮ್ಯಾಚ್‌ಗೂ ಮಳೆಯಲ್ಲಿ ಸಾವಿರಾರು ಜನ ಬರುತ್ತಾರೆ. ಮನೆಯಲ್ಲಿ ಲೈವ್ ಇದ್ದಿದ್ದರೆ ನಾನೇ ಹೋಗುತ್ತಿರಲಿಲ್ಲ.

ಗೋಲಿಸೋಡಾ

ಲೆಸ್ಟರ್ ಗೌಡ್ರೇ, ವಿಪಿಎನ್ ಹಾಕಿ ದುಬೈ ಅಂತ ತೋರಿಸಿ ಸಾರ್. ಎರಡು ನಿಮಿಷದ ಕೆಲಸ.

ಶಾರ್ಜಾ_ಕುಂದಾಪುರ

ಗೋಲಿಸೋಡಾ, ಇದನ್ನು ಹೇಳಿಕೊಡಬೇಡಿ. ಪಾಸ್ ಷರತ್ತಿನಲ್ಲೇ ಬೇಡ ಅಂತ ಬರೆದಿರುತ್ತದೆ, ಸಿಕ್ಕಿಬಿದ್ದರೆ ಅಕೌಂಟ್ ಬಂದ್, ಕಟ್ಟಿದ ದುಡ್ಡೂ ಹೋಯಿತು. ಗೌಡರ ಕಾರ್ಡ್ ಅಡ್ರೆಸ್ ಲೆಸ್ಟರ್‌ದು, ದುಬೈ ಅಂದರೆ ಯಾರು ನಂಬುತ್ತಾರೆ? ಪುಕ್ಕಟೆ ಕಳ್ಳ ಲಿಂಕ್‌ಗಳ ವಿಷಯ ಕೂಡ ಅಷ್ಟೇ. ನಮ್ಮಂಥ ಸಣ್ಣ ಕ್ಲಬ್‌ಗೆ ನಾವು ಕೊಡುವ ನೂರು ಚಿಲ್ಲರೆ ಪೌಂಡ್ ಕೂಡ ಲೆಕ್ಕಕ್ಕೆ ಬರುತ್ತದೆ. ಮ್ಯಾಂಚೆಸ್ಟರ್‌ನ ದೊಡ್ಡ ಕ್ಲಬ್‌ನವರಿಗೆ ಕೊಡದೆ ಬಿಟ್ಟರೂ ನಡೆಯುತ್ತದೆ, ಇವರಿಗೆ ನಡೆಯಲ್ಲ.

ಫ್ರ್ಯಾಟನ್_ಹುಡುಗಿ

ಇದು ನನಗೂ ಮುಖ್ಯ. ಪೋರ್ಟ್ಸ್‌ಮತ್ ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. 2008ರಲ್ಲಿ ಎಫ್‌ಎ ಕಪ್ ಗೆದ್ದರು, ಕಾರ್ಡಿಫ್ ವಿರುದ್ಧ ಕಾನು ಗೋಲು, 1-0. ಐದೇ ವರ್ಷದಲ್ಲಿ ಸಾಲದಲ್ಲಿ ಮುಳುಗಿ ನಾಲ್ಕನೇ ಡಿವಿಜನ್‌ಗೆ ಬಿದ್ದರು, ಕ್ಲಬ್ಬೇ ಮುಚ್ಚುವ ಸ್ಥಿತಿ. 2013ರಲ್ಲಿ ಅಭಿಮಾನಿಗಳು ತಲಾ ಸಾವಿರ ಪೌಂಡ್ ಷೇರು ಹಾಕಿ ಕ್ಲಬ್ ಉಳಿಸಿಕೊಂಡರು, ಸಾವಿರ ಇಲ್ಲದವರು ನಾಲ್ಕಾರು ಜನ ಸೇರಿ ಒಂದು ಷೇರು. 2017ರಲ್ಲಿ ಡಿಸ್ನಿಯ ಹಳೇ ಮುಖ್ಯಸ್ಥ ಮೈಕಲ್ ಐಸ್ನರ್ ಅವರ ಕಂಪನಿಗೆ ಮಾರಿದರು, ಅದೂ ಷೇರುದಾರರ ವೋಟ್ ಹಾಕಿಸಿ. ನಮ್ಮ ಓನರ್ ಅಜ್ಜ ಹಾಲ್‌ನಲ್ಲಿ ಆ ಷೇರು ಪತ್ರ ಫ್ರೇಮ್ ಹಾಕಿ ಇಟ್ಟಿದ್ದಾರೆ, ಮದುವೆ ಫೋಟೋ ಅದರ ಕೆಳಗೆ. ಅಂಥ ಕ್ಲಬ್ ಮ್ಯಾಚ್ ಕಳ್ಳ ಲಿಂಕ್‌ನಲ್ಲಿ ನೋಡಿದರೆ ಅಜ್ಜನಿಗೆ ಮುಖ ತೋರಿಸುವುದು ಹೇಗೆ?

ಬಫರ್_ಭಟ್ಟ

ಸ್ಟ್ರೀಮಿಂಗ್ ಕಂಪನಿಯಲ್ಲಿ ಕೆಲಸ ಮಾಡಿದವನು, ಎರಡು ಮಾತು. ಈ ಸ್ಟ್ರೀಮ್ ಟಿವಿ ಹಾಗೆ ಇರುತ್ತದೆ ಅಂದುಕೊಳ್ಳಬೇಡಿ. ಕೆಳಗಿನ ಡಿವಿಜನ್‌ಗಳಲ್ಲಿ ಎಷ್ಟೋ ಸಲ ಒಂದೇ ಕ್ಯಾಮೆರಾ, ಸ್ಟ್ಯಾಂಡ್ ಮೇಲಿನ ಅಟ್ಟಣಿಗೆಯಲ್ಲಿ ಒಬ್ಬರು ನಿಂತು ಚೆಂಡಿನ ಹಿಂದೆ ತಿರುಗಿಸುತ್ತಾರೆ. ಚೆಂಡು ಹತ್ತಿರದ ಗೆರೆಗೆ ಬಂದರೆ ಮುಂದಿನ ಸಾಲಿನವರ ತಲೆ ಕಾಣುತ್ತದೆ. ಅದರದೇ ಒಂದು ರುಚಿ ಅನ್ನುವವರೂ ಇದ್ದಾರೆ, ನನಗೆ ಕುತ್ತಿಗೆ ನೋವು ಬರುತ್ತದೆ.

ಸ್ಟ್ರೀಮ್ ನಿಜವಾದ ಆಟಕ್ಕಿಂತ ತಡವಾಗಿ ಬರುತ್ತದೆ. ಯಾಕೆ ಅಂದರೆ, ವಿಡಿಯೋವನ್ನು ಆರೇಳು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ. ನಿಮ್ಮ ಪ್ಲೇಯರ್ ಅಂಥ ಎರಡು ಮೂರು ತುಂಡು ಕೂಡಿಟ್ಟುಕೊಂಡ ಮೇಲೇ ತೋರಿಸಲು ಶುರು ಮಾಡುತ್ತದೆ. ಎಲ್ಲ ಸೇರಿ ಅರ್ಧ ನಿಮಿಷ ಹಿಂದೆ ಇರುತ್ತೀರಿ, ಕೆಲವೊಮ್ಮೆ ಇನ್ನೂ ಜಾಸ್ತಿ. ಅದಕ್ಕೆ ಮ್ಯಾಚ್ ಶುರುವಾಗುವ ಮೊದಲು ವಾಟ್ಸಾಪ್ ಗ್ರೂಪ್ ಮ್ಯೂಟ್ ಮಾಡಿ, ಸ್ಕೋರ್ ಆ್ಯಪ್ ನೋಟಿಫಿಕೇಷನ್ ತೆಗೆಯಿರಿ. ಇಲ್ಲದಿದ್ದರೆ ಪರದೆಯಲ್ಲಿ ಚೆಂಡು ಇನ್ನೂ ನಿಮ್ಮ ಗೋಲ್‌ಕೀಪರ್ ಕೈಯಲ್ಲಿ ಇರುವಾಗಲೇ ಅಜ್ಜನ ಮೆಸೇಜ್ ಬಂದು ಬಿದ್ದಿರುತ್ತದೆ.

ಡೇಟಾ ಲೆಕ್ಕ: ಸೆಕೆಂಡಿಗೆ 3 ಮೆಗಾಬಿಟ್ ಅಂತ ಹಿಡಿದರೆ ಎರಡು ಗಂಟೆಗೆ 2.7 ಜಿಬಿ. ದಿನಕ್ಕೆ ಒಂದೂವರೆ ಜಿಬಿ ಕೊಡುವ ಮೊಬೈಲ್ ಪ್ಯಾಕ್‌ನಲ್ಲಿ ಸೆಕೆಂಡ್ ಹಾಫ್ ಶುರುವಾಗಿ ಸ್ವಲ್ಪಕ್ಕೇ ಖಾಲಿ. ಮನೆ ವೈಫೈ ಇದ್ದರೆ ಲ್ಯಾಪ್‌ಟಾಪ್‌ಗೆ ವೈರ್ ಎಳೆಯಿರಿ. ಮತ್ತೆ ಮತ್ತೆ ನಿಲ್ಲುತ್ತಿದ್ದರೆ ಕ್ವಾಲಿಟಿ "ಆಟೋ" ಬಿಟ್ಟು ಕೈಯಾರೆ ಒಂದು ಮೆಟ್ಟಿಲು ಇಳಿಸಿ, ಬೆನ್ನ ಮೇಲಿನ ನಂಬರ್ ಕಾಣದಿದ್ದರೂ ಪರವಾಗಿಲ್ಲ, ಓಡುವ ರೀತಿ ನೋಡಿ ಯಾರು ಅಂತ ಗೊತ್ತಾಗುತ್ತದೆ.

ಆಸ್ಟಿನ್‌ಟೌನ್_9

ಇದನ್ನೆಲ್ಲ ಓದಿ ಹೊಟ್ಟೆ ಉರಿಯಿತು. ನಮ್ಮ ಬೆಂಗಳೂರು ಎಫ್‌ಸಿಗೆ ಯಾಕೆ ಇಂಥದ್ದು ಇಲ್ಲ? ನನ್ನ ಅಣ್ಣ ಟೆಕ್ಸಸ್‌ನಲ್ಲಿ ಇದ್ದಾನೆ. 2013ರಿಂದ, ತಂಡ ಹುಟ್ಟಿದ ದಿನದಿಂದ ಮೈದಾನದ ವೆಸ್ಟ್ ಬ್ಲಾಕ್‌ನಲ್ಲಿ ಗಂಟಲು ಹರಿದುಕೊಂಡವನು. ಅವನು ಪ್ರತಿ ಸೀಸನ್ ಎಲ್ಲಿ ಬರುತ್ತದೆ ಅಂತ ಹುಡುಕುವುದರಲ್ಲೇ ಅರ್ಧ ಜೀವ ಸವೆಸುತ್ತಾನೆ. ಕ್ಲಬ್ಬೇ ಸ್ಟ್ರೀಮ್ ಮಾರಿದರೆ ಮೊದಲ ದಿನ ಕೊಳ್ಳುತ್ತಾನೆ.

ಬಫರ್_ಭಟ್ಟ

ಕ್ಲಬ್ ಕೈಯಲ್ಲಿ ಹಕ್ಕು ಇದ್ದರೆ ತಾನೇ ಮಾರುವುದು? ಬೆಂಗಳೂರು ಆಡುವ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನಲ್ಲಿ ಎಲ್ಲ ಮ್ಯಾಚ್‌ಗಳ ಹಕ್ಕು ಲೀಗ್ ಕಡೆಯಿಂದ ಒಟ್ಟಿಗೆ ಹೋಗುತ್ತದೆ. ಪ್ರೀಮಿಯರ್ ಲೀಗ್ ಕೂಡ ಹಾಗೇ. ಮ್ಯಾಂಚೆಸ್ಟರ್ ಯುನೈಟೆಡ್‌ಗೆ ತನ್ನದೇ ಟಿವಿ ಇದೆ, ಆದರೆ ತನ್ನದೇ ಲೀಗ್ ಮ್ಯಾಚ್ ಅದರಲ್ಲಿ ಲೈವ್ ಮಾರಲು ಆಗುವುದಿಲ್ಲ. ಈ ಸೌಲಭ್ಯ ಇರುವುದು ದೊಡ್ಡ ಚಾನೆಲ್‌ಗಳು ಎಲ್ಲ ಮ್ಯಾಚ್ ಎತ್ತಿಕೊಳ್ಳದ ಡಿವಿಜನ್‌ಗಳಲ್ಲಿ. ಅಂದರೆ ಪೋರ್ಟ್ಸ್‌ಮತ್ ನಾಳೆ ಪ್ರೀಮಿಯರ್ ಲೀಗ್‌ಗೆ ಹತ್ತಿದರೆ ಮೇಡಂ ಅವರ ಪಾಸ್ ಕಥೆ ಮುಗಿಯಿತು. ಆಮೇಲೆ ನಮ್ಮಲ್ಲಿ ಹಕ್ಕು ಕೊಂಡವರ ಆ್ಯಪ್‌ನಲ್ಲೇ ನೋಡಬೇಕು, ಇಪ್ಪತ್ತು ಕ್ಯಾಮೆರಾ, ರೀಪ್ಲೇ, ಎಲ್ಲ ಇರುತ್ತದೆ.

ಟ್ರಾಮ್_ಹತ್ತಿದವ

ಮತ್ತು ಕಾಮೆಂಟ್ರಿಯಲ್ಲಿ ನಿಮ್ಮ ತಂಡದ ಹೆಸರು ಬರುವುದು ಎದುರಾಳಿ ಗೋಲು ಹೊಡೆದಾಗ ಮಾತ್ರ. ಕ್ಲಬ್ ಸ್ಟ್ರೀಮ್‌ನಲ್ಲಿ ಹಾಗಲ್ಲ, ಊರಿನವರೇ ಮಾತಾಡುತ್ತಾರೆ, ರೆಫ್ರಿ ತಪ್ಪು ಮಾಡಿದರೆ ಅವರಿಗೇ ಮೊದಲು ಸಿಟ್ಟು ಬರುತ್ತದೆ. ಅದಕ್ಕೆ ನಾನು ದುಡ್ಡು ಕೊಡುವುದು.

ಫ್ರ್ಯಾಟನ್_ಹುಡುಗಿ

ಅಪ್‌ಡೇಟ್. ಕುಂದಾಪುರದ ಅಣ್ಣ ಹೇಳಿದ್ದೇ ಸರಿ, ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಆಫ್ ಇತ್ತು. ಆನ್ ಮಾಡಿದ ಮೇಲೆ ಒಂದೇ ಸಲಕ್ಕೆ ಹೋಯಿತು, ಬಿಡಿ ಮ್ಯಾಚ್ ಪಾಸ್ ತಗೊಂಡೆ.

ನಿನ್ನೆ 8:30ಕ್ಕೆ ಲ್ಯಾಪ್‌ಟಾಪ್ ಟಿವಿಗೆ ಜೋಡಿಸಿ ಕೂತೆ. ಧಾರಾವಾಹಿ ಹೋಯಿತು ಅಂತ ಅಮ್ಮನ ಮುಖ ಗಂಟು. ಮ್ಯಾಚ್ ಶುರುವಾಗುವ ಮೊದಲು ಕ್ಯಾಮೆರಾ ಒಂದು ಸುತ್ತು ತಿರುಗಿತು, ಮಳೆ, ಫ್ರ್ಯಾಟನ್ ಎಂಡ್ ಸ್ಟ್ಯಾಂಡ್ ಪೂರ್ತಿ ನೀಲಿ. ಊರಿನ ಗಿಲ್ಡ್‌ಹಾಲ್ ಗಡಿಯಾರದ ಗಂಟೆ ರಾಗದಲ್ಲಿ ಅವರು ಕೂಗುವ ಘೋಷಣೆ ಇದೆಯಲ್ಲ, ಅದು ನಮ್ಮ ಕುವೆಂಪುನಗರದ ಹಾಲ್‌ನಲ್ಲಿ ಕೇಳಿದಾಗ ನಿಜವಾಗಿ ಕಣ್ಣಲ್ಲಿ ನೀರು ಬಂತು. ಎರಡು ವರ್ಷ ಅದನ್ನು ಕಿಟಕಿಯಿಂದ ಕೇಳಿದ್ದೆ, ಕೇಳಿ ಕೇಳಿ ಬೇಜಾರೂ ಪಟ್ಟಿದ್ದೆ, ಪರೀಕ್ಷೆ ಟೈಮಲ್ಲಿ ಬೈದಿದ್ದೂ ಇದೆ.

ಭಟ್ಟರೇ, ವಾಟ್ಸಾಪ್ ಮ್ಯೂಟ್ ಮಾಡಲು ಮರೆತೆ. ಅಜ್ಜನಿಂದ ಬರೀ ಒಂದು ನೀಲಿ ಹೃದಯ ಬಂತು. ಏನಪ್ಪಾ ಇದು ಅಂತ ನೋಡುವಷ್ಟರಲ್ಲಿ ಪರದೆಯಲ್ಲಿ ಕಾರ್ನರ್ ಕಿಕ್, ಅವರು ಒದೆಯುವ ಮೊದಲೇ ನಾನು ಕಿರುಚಿಬಿಟ್ಟೆ. ಅಮ್ಮ ಸೌಟು ಹಿಡಿದು ಅಡುಗೆಮನೆಯಿಂದ ಓಡಿ ಬಂದರು, "ಏನಾಯ್ತೇ, ಏನು ಬಿತ್ತು?" ಅಂತ. ಇನ್ನೂ ಏನೂ ಆಗಿಲ್ಲಮ್ಮ, ಈಗ ಆಗುತ್ತದೆ ನೋಡು ಅಂದೆ. ಆಯಿತು. ಅಮ್ಮ ನನ್ನನ್ನೇ ಒಂದು ಥರ ನೋಡಿ ಒಳಗೆ ಹೋದರು.

ಮುಂದಿನದು ಮಂಗಳವಾರ, ರಾತ್ರಿ 1:15. ತಗೊಳ್ಳಬಾರದು ಅಂತ ಇದ್ದೇನೆ. ಬುಧವಾರ ಬೆಳಿಗ್ಗೆ ಇಂಟರ್‌ವ್ಯೂ ಬೇರೆ ಇದೆ.

ಲೆಸ್ಟರ್_ಗೌಡ

ಇಂಟರ್‌ವ್ಯೂ ಎಷ್ಟು ಗಂಟೆಗೆ?

ಫ್ರ್ಯಾಟನ್_ಹುಡುಗಿ

ಹನ್ನೊಂದಕ್ಕೆ.

ಶಾರ್ಜಾ_ಕುಂದಾಪುರ

ಹಾಗಾದರೆ ತಗೊಳ್ಳಿ.